ವ್ಯಾಪಾರದ ವ್ಯಾಜ್ಯ, ವಕೀಲನ ವೃತ್ತಿ

ಮಗಳು ಕಾನೂನು ಓದಬಯಸಿದ್ದಾಳೆ, ಕ್ರಿಮಿನಲ್ ಮೊಕದ್ದಮೆಗಳ ಹೊರತು ವಕೀಲರಿಗೆ ಬೇರೆ ಕೆಲಸವಿದೆಯೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಇದೆ, ನಮ್ಮ ಕಣಿವೆಯಲ್ಲಿ ಧಾರಾಳವಾಗಿಯೇ ಇದೆ. ಬೋಡಿನಾಯಕನೂರಿನ ಏಲಕ್ಕಿ, ಕಂಬಂನ ದ್ರಾಕ್ಷಿ, ದಿಂಡಿಗಲ್‌ನ ಬೀಗ, ಚರ್ಮ, ಇವುಗಳ ವ್ಯಾಪಾರದಲ್ಲಿ ಸಾಲವಿದ್ದಲ್ಲೆಲ್ಲ ವ್ಯಾಜ್ಯವೂ ಹುಟ್ಟುತ್ತದೆ. 2015ರ ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮವು ಮೊದಲು 1 ಕೋಟಿ ರೂಪಾಯಿಗೆ ಕಡಿಮೆಯಿಲ್ಲದ ವ್ಯಾಜ್ಯಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 2018ರಲ್ಲಿ ಆ ಮಿತಿ 3 ಲಕ್ಷಕ್ಕೆ ಇಳಿಯಿತು. ತುರ್ತು ಪರಿಹಾರ ಕೋರದ ದಾವೆಗೆ ಮುನ್ನ ಮಧ್ಯಸ್ಥಿಕೆ ಕಡ್ಡಾಯ. ಸಮನ್ಸ್ ತಲುಪಿ 120 ದಿನ ಕಳೆದರೆ ಪ್ರತಿವಾದಿಯು ಉತ್ತರ ಸಲ್ಲಿಸುವ ಹಕ್ಕನ್ನೇ ಕಳೆದುಕೊಳ್ಳುತ್ತಾನೆ.

ಆದರೆ ನಾನು ಹೆಚ್ಚಾಗಿ ಕಾಣುವ ಸಂಕಟ ಪಾಲುದಾರಿಕೆಯದು. ಅಣ್ಣತಮ್ಮಂದಿರು, ಭಾವಮೈದುನರು ಬಾಯಿಮಾತಿನ ಮೇಲೆಯೇ ಮಂಡಿ ತೆರೆಯುತ್ತಾರೆ. 1932ರ ಪಾಲುದಾರಿಕೆ ಅಧಿನಿಯಮದ 69ನೆಯ ಕಲಮಿನಂತೆ, ನೋಂದಣಿಯಾಗದ ಪಾಲುದಾರಿಕೆಯು ಕರಾರಿನ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲಾರದು. ಹೊರಗಿನವರಾದರೋ ಅದರ ಮೇಲೆ ಹೂಡಬಹುದು! ದಾವೆಗೆ ಮುನ್ನ ನೋಂದಾಯಿಸಿದರೂ ಸಾಕು, ನಿಜ. ಆದರೆ ನೋಂದಣಿಯ ಅರ್ಜಿಗೆ ಎಲ್ಲ ಪಾಲುದಾರರ ಸಹಿ ಬೇಕು. ಮನಸ್ಸು ಮುರಿದ ಮೇಲೆ ಭಾವನು ಸಹಿ ಹಾಕುವನೇ? ಅಷ್ಟರಲ್ಲಿ ಸರಕಿನ ಬಾಕಿಗೆ ಇರುವ 3 ವರ್ಷದ ಕಾಲಮಿತಿಯೂ ಮುಗಿಯುತ್ತಿರುತ್ತದೆ.

ಈ ವೃತ್ತಿಗೆ ಗಟ್ಟಿ ದನಿಗಿಂತ ಲೆಕ್ಕ ಓದುವ ತಾಳ್ಮೆ ಬೇಕು. ಪದವಿಯ ನಂತರ 3 ವರ್ಷ, ಇಲ್ಲವೇ ಹನ್ನೆರಡನೆಯ ತರಗತಿಯ ನಂತರ 5 ವರ್ಷದ ವ್ಯಾಸಂಗ. ಇಲ್ಲಿಯ ಅಧೀನ ನ್ಯಾಯಾಲಯಗಳ ಭಾಷೆ ತಮಿಳು, ಮದುರೈ ಪೀಠದಲ್ಲಿ ಇಂಗ್ಲಿಷ್. ಕನ್ನಡ ಶಾಲೆಯ ಮಕ್ಕಳು ಇವೆರಡನ್ನೂ ಈಗಿನಿಂದಲೇ ಚೆನ್ನಾಗಿ ಕಲಿಯಲಿ. ಅಜ್ಜ ಕನ್ನಡದಲ್ಲಿ ಬರೆದಿಟ್ಟ ಲೆಕ್ಕದ ಪುಸ್ತಕವನ್ನು ಓದಿ ಅರ್ಥ ಹೇಳಬಲ್ಲವರೂ ಅವರೇ.