ರೆಕ್ಕೆ ಸಿದ್ಧ, ಎಂಜಿನು ಎಲ್ಲಿ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ವಿದ್ಯಾರ್ಥಿಗಳಿಗೆ ಸಿಮೆಂಟಿನ ಕಾರ್ಖಾನೆ ಹೊಸದಲ್ಲ. ಅಲ್ಲಿಯ ಉರುಳುಗೂಡಿನಲ್ಲಿ ಸುಣ್ಣಕಲ್ಲಿನ ಮಿಶ್ರಣವು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೆಂದು ಕ್ಲಿಂಕರ್ ಆಗುತ್ತದೆ. ಅಷ್ಟು ಕಾವಿದ್ದರೂ ಗೂಡಿನ ಉಕ್ಕಿನ ಕವಚ ಮೆತ್ತಗಾಗುವುದಿಲ್ಲ. ಒಳಗೆ ಜೋಡಿಸಿದ ಉಷ್ಣನಿರೋಧಕ ಇಟ್ಟಿಗೆಗಳು ಅದನ್ನು ಕಾಯುತ್ತವೆ. ಜೆಟ್ ಎಂಜಿನಿನೊಳಗೂ ಇಂತಹುದೇ ಒಂದು ಕುಲುಮೆಯುಂಟು. ಆದರೆ ಗೂಡು ತಿರುಗುವುದು ನಿಮಿಷಕ್ಕೆ ಕೆಲವೇ ಸುತ್ತು. ಜೆಟ್ಟಿನ ಟರ್ಬೈನು ಸಾವಿರಾರು ಸುತ್ತು. ಆ ಟರ್ಬೈನಿನ ಅಲಗುಗಳಿಗೆ ಇಟ್ಟಿಗೆ ಕಟ್ಟಲಾಗದು. ಕಾವನ್ನೂ ಕೇಂದ್ರಾಪಗಾಮಿ ಸೆಳೆತವನ್ನೂ ಲೋಹವೇ ಏಕಕಾಲಕ್ಕೆ ತಾಳಬೇಕು.

ಈ ಸತ್ಯವನ್ನು ಮೊದಲು ಕಂಡುಂಡವರಲ್ಲಿ ಜರ್ಮನರೂ ಸೇರಿದ್ದಾರೆ. 1939ರ ಆಗಸ್ಟ್ 27ರಂದು ಹೈಂಕೆಲ್ 178 ವಿಮಾನವು ಹಾನ್ಸ್ ಫೋನ್ ಓಹೈನ್ ಎಂಬ ತರುಣ ಭೌತವಿಜ್ಞಾನಿಯ ಎಂಜಿನಿನಿಂದ ಹಾರಿತು. ಜಗತ್ತಿನ ಮೊತ್ತಮೊದಲ ಟರ್ಬೋಜೆಟ್ ವಿಮಾನ ಅದೇ. 1942ರ ಜುಲೈ 18ರಂದು ಮೆಸ್ಸರ್‌ಸ್ಮಿಟ್ 262 ಕೇವಲ ಜೆಟ್ ಬಲದಿಂದ ಮೇಲೇರಿತು. ಆದರೂ ಅದು ಯುದ್ಧರಂಗವನ್ನು ಮುಟ್ಟಿದುದು 1944ರಲ್ಲಿ. ಈ ವಿಳಂಬಕ್ಕೆ ಹಿಟ್ಲರನ ಹಟವೊಂದೇ ಕಾರಣವೆಂಬ ಮಾತು ಪ್ರಚಾರದಲ್ಲಿದೆ. ನಿಜವಾದ ತೊಡಕು ಅದರ ಯೂಮೋ 004 ಎಂಜಿನಿನಲ್ಲಿತ್ತು. ನಿಕ್ಕಲ್, ಕ್ರೋಮಿಯಂಗಳ ಕೊರತೆಯಿಂದಾಗಿ ದಹನಕೋಶಗಳನ್ನು ಅಲ್ಯೂಮಿನಿಯಂ ಲೇಪಿಸಿದ ಸಾಮಾನ್ಯ ಉಕ್ಕಿನಿಂದ ಮಾಡಬೇಕಾಯಿತು. ನಿಮಿಷಕ್ಕೆ 8700 ಸುತ್ತು ತಿರುಗುತ್ತಿದ್ದ ಆ ಎಂಜಿನಿನ ಆಯುಷ್ಯ ಸುಮಾರು 25 ಗಂಟೆ. ಎಷ್ಟೋ ವೇಳೆ ಅದಕ್ಕಿಂತಲೂ ಕಡಿಮೆ.

ಇದೇ ಕಥೆ ನಮ್ಮ ಬೆಂಗಳೂರಿನಲ್ಲಿಯೂ ನಡೆಯಿತು. ಯುದ್ಧಕಾಲದ ಹೆಸರಾಂತ ಜರ್ಮನ್ ವಿಮಾನಶಿಲ್ಪಿ ಕುರ್ಟ್ ಟ್ಯಾಂಕ್ 1956ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬಂದರು. ಅವರೂ ನಮ್ಮ ಎಂಜಿನಿಯರುಗಳೂ ಕೂಡಿ ರೂಪಿಸಿದ 'ಮಾರುತ' ಯುದ್ಧವಿಮಾನ 1961ರ ಜೂನ್ 17ರಂದು ಹಾರಿತು. ಶಬ್ದದ ಎರಡು ಪಟ್ಟು ವೇಗ ಅದರ ಗುರಿಯಾಗಿತ್ತು. ಆ ಗುರಿಗೆ ಬೇಕಾಗಿದ್ದ ಆರ್ಫಿಯಸ್ 12 ಎಂಜಿನು ಬ್ರಿಟನ್ನಿನಲ್ಲಿ ಪೂರ್ಣಗೊಳ್ಳಲೇ ಇಲ್ಲ. ಕಡಿಮೆ ಬಲದ ಆರ್ಫಿಯಸ್ 703 ಎಂಜಿನುಗಳೆರಡರಿಂದಲೇ ತೃಪ್ತಿಪಡಬೇಕಾಗಿ ಬಂದು, ವೇಗ ಶಬ್ದದ ವೇಗದ ಆಸುಪಾಸಿನಲ್ಲೇ ನಿಂತಿತು. ಮರುದಹನದಿಂದ ಬಲ ಹೆಚ್ಚಿಸುವ ಪ್ರಯತ್ನವೂ ನಡೆಯಿತು. ಆ ಬಗೆಯ ಪ್ರಯೋಗವಿಮಾನವೊಂದು 1970ರ ಜನವರಿ 10ರಂದು ಬಿದ್ದು, ಮಾರುತವನ್ನು ಮೊದಲು ಹಾರಿಸಿದ್ದ ಸುರಂಜನ್ ದಾಸ್ ಅಸುನೀಗಿದರು. ಆದರೂ ಒಟ್ಟು 147 ವಿಮಾನಗಳು ಸಿದ್ಧವಾದವು. 1971ರ ಯುದ್ಧದಲ್ಲಿ ಅವು ದುಡಿದವು.

ಆದುದರಿಂದ ಮಾರುತ ಸೋತಿತೆನ್ನುವುದು ಸರಿಯಲ್ಲ. ಅದರ ರೆಕ್ಕೆ ಸೋಲಲಿಲ್ಲ, ಎಂಜಿನು ಒದಗಲಿಲ್ಲ. ನಿಪುಣ ಶಿಲ್ಪಿಯೊಬ್ಬನನ್ನು ಹೊರಗಿನಿಂದ ಕರೆತರಬಹುದು. ಕಾವನ್ನು ತಾಳುವ ಲೋಹದ ವಿದ್ಯೆ ಹಾಗೆ ಬರುವುದಿಲ್ಲ. ಅದು ಕುಲುಮೆಯ ಮುಂದೆ ದಶಕಗಟ್ಟಲೆ ದುಡಿದು, ನೂರು ಸಲ ಕೆಡಿಸಿ ಗಳಿಸತಕ್ಕದ್ದು. ಎಂಜಿನನ್ನು ಕೊಂಡರಾಯಿತಲ್ಲ, ಅಗ್ಗವೂ ಆದೀತು ಎಂದು ಕೆಲವರು ಕೇಳಬಹುದು. ತಾತ್ಕಾಲಿಕವಾಗಿ ಅದು ನಿಜ. ಆದರೆ ಎಂಜಿನನ್ನು ಮಾರುವವನು ಅದರೊಡನೆ ತನ್ನ ಷರತ್ತನ್ನೂ ಮಾರುತ್ತಾನೆ. 2001ರಲ್ಲಿ ಮೊದಲು ಹಾರಿದ ತೇಜಸ್ ಇಂದಿಗೂ ಅಮೆರಿಕದ ಎಂಜಿನನ್ನೇ ಅವಲಂಬಿಸಿದೆ. ಅದಕ್ಕೆಂದು ಬೆಂಗಳೂರಿನಲ್ಲಿ ಆರಂಭಿಸಿದ ಕಾವೇರಿ ಎಂಜಿನು ಅದರೊಳಗೆ ಕೂರಲಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ವಿಮಾನದ ಚಿತ್ರ ಬಿಡಿಸುವವರು ಅನೇಕರು. ಲೋಹವಿಜ್ಞಾನ ಓದುತ್ತೇನೆನ್ನುವವರು ವಿರಳ. ಈ ಅನುಪಾತ ಬದಲಾಗಬೇಕು. ಅಲಗುಗಳ ಲೋಹವನ್ನು ಕುರಿತು ಸಂಶೋಧನೆ ನಡೆಸುವ ಪ್ರಯೋಗಾಲಯ ನಮಗೆ ಸಮೀಪದ ಹೈದರಾಬಾದಿನಲ್ಲಿಯೇ ಇದೆ. ಉಷ್ಣಶಾಸ್ತ್ರದ ಅಧ್ಯಾಯವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಮೊದಲು ನಿಮ್ಮೂರಿನ ಸಿಮೆಂಟಿನ ಗೂಡನ್ನೊಮ್ಮೆ ನೋಡಿ, ಆ ಕಾವಿನಲ್ಲಿ ನಿಲ್ಲಬಲ್ಲ ಲೋಹ ಯಾವುದೆಂದು ಯೋಚಿಸಿರಿ. ನಾಳಿನ ಎಂಜಿನಿಗೆ ಬೇಕಾದ ಪ್ರಶ್ನೆ ಅದೇ.