ದಾದಿಯ ಅನುರಾಗ

ಶೋಕದಿಂದ ಕುಗ್ಗಿದ ರೋಗಿಯೊಬ್ಬನು, ಪತಿಯನ್ನು ಕಳೆದುಕೊಂಡ ದಾದಿಯೊಬ್ಬಳು. ಕಡೆಯ ಅಂಕದಲ್ಲಿ ಇಬ್ಬರಿಗೂ ಪ್ರಣಯ, ಪ್ರಣಯದಿಂದ ಆರೋಗ್ಯ, ಅನಂತರ ಮಂಗಳ! ಇಂತಹ ನಾಟಕ, ಚಲಚ್ಚಿತ್ರಗಳನ್ನು ಮೆಚ್ಚುವವರು ಶುಶ್ರೂಷೆಗೆ ಪ್ರೇಮವೇ ಪ್ರಾಣವೆಂದು ವಾದಿಸುವರು. ಈ ವಾದವು ಸಾಧುವಲ್ಲ.

ಚರಕಸಂಹಿತೆಯು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ಪರಿಚಾರಕನಿಗೆ ನಾಲ್ಕು ಗುಣಗಳನ್ನು ವಿಧಿಸಿದೆ: ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚ. ಅನುರಾಗವೆಂಬ ಶಬ್ದವನ್ನು ಕಂಡೊಡನೆ ಹಿಗ್ಗುವವರು, ಅದು ರೋಗಿಯ ವಿಷಯದಲ್ಲಿರಬೇಕಾದ ನಿಷ್ಠೆಯೆಂಬುದನ್ನು ಮರೆವರು. ಉಳಿದ ಮೂರನ್ನಂತೂ ರಂಗಕ್ಕೇ ತರರು.

ಅಸಿತ್ ಸೇನರು ನಿರ್ದೇಶಿಸಿದ 1959ರ ‘ದೀಪ್ ಜ್ವೇಲೇ ಜಾಯ್’ ಎಂಬ ವಂಗಚಿತ್ರವು ಸತ್ಯವನ್ನು ನುಡಿಯಿತು. ಚಿಕಿತ್ಸೆಗಾಗಿ ಪ್ರೇಮವನ್ನು ನಟಿಸಿ ರೋಗಿಯನ್ನು ಗುಣಪಡಿಸಿದ ದಾದಿ ರಾಧೆಯು ಕಡೆಗೆ ತಾನೇ ಬುದ್ಧಿಭ್ರಮಣೆಗೊಳಗಾಗುವಳು. ಪ್ರೇಮವನ್ನು ಔಷಧವಾಗಿಸಿದುದರ ಬೆಲೆಯನ್ನು ತೆತ್ತವಳು ಅವಳೇ.

ಚಾಮರಾಜನಗರ, ಗುಂಡ್ಲುಪೇಟೆಗಳ ಮನೆಗಳಿಗೆ ಇದು ಬರಿಯ ಸಾಹಿತ್ಯಚರ್ಚೆಯಲ್ಲ. 2021ರ ಮೇ 2-3ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ, ಆಮ್ಲಜನಕದ ಅಭಾವದ ನಡುವೆ, 24 ಮಂದಿ ರೋಗಿಗಳು ಅಸುನೀಗಿದರು. ಅಂದು ಬೇಕಾಗಿದ್ದುದು ತುಂಬಿದ ಸಿಲಿಂಡರು. ಯಾವ ದಾದಿಯ ಒಲವೂ ಉಸಿರಾಗಲಾರದು.

ಹಾಗಾದರೆ ಕವಿಯು ದಾದಿಯ ದುಃಖವನ್ನು ಬರೆಯಬಾರದೆ? ಅವಶ್ಯವಾಗಿ ಬರೆಯಲಿ. ತನ್ನ ಶೋಕವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮುಂದಿನ ಹಾಸಿಗೆಯತ್ತ ನಡೆವವಳನ್ನು ಬರೆಯಲಿ. ಸಮಾಜವೂ ಅವಳಿಗೆ ವರನನ್ನು ಹುಡುಕುವ ಮೊದಲು ವಿಶ್ರಾಂತಿಯನ್ನೂ ತಕ್ಕ ಸಂಬಳವನ್ನೂ ಕೊಡಲಿ.