ಕಂಡೂ ಕಾಣದ ಬೆಳಕು, ಕೇಳಿಯೂ ಕೇಳದ ದನಿ

ಇಂಗ್ಲಿಷಿನ ‘ಫೇಂಟ್’ ಎಂಬ ಗುಣವಾಚಕ ಬೆಳಕಿಗೂ ಸಲ್ಲುತ್ತದೆ, ದನಿಗೂ ಸಲ್ಲುತ್ತದೆ. ವಾಸನೆ, ನೆನಪು, ಆಸೆಗಳನ್ನೂ ಬಿಡುವುದಿಲ್ಲ. ಪಾಠದಲ್ಲಿ ಅದು ಎದುರಾದೊಡನೆ ನಮ್ಮ ವಿದ್ಯಾರ್ಥಿಗಳು ‘ಮಂದ’ ಎಂದೋ ‘ಕ್ಷೀಣ’ ಎಂದೋ ಬರೆದುಕೊಂಡು ಮುಂದೆ ಸಾಗುತ್ತಾರೆ. ಇದನ್ನು ತಪ್ಪೆನ್ನಲಾಗದು, ಆದರೆ ಸಾಲದು ಎಂಬುದು ನನ್ನ ಅಭಿಪ್ರಾಯ.

ಈ ಪದದ ಮೂಲ ಹಳೆಯ ಫ್ರೆಂಚಿನಲ್ಲಿದೆ. ಸೋಗು ಹಾಕು ಎಂಬರ್ಥದ ‘ಫೇನ್’ ಎಂಬ ಕ್ರಿಯಾಪದವೂ ಅದೇ ಬಳ್ಳಿಯ ಕುಡಿ. ಹುಸಿ, ಅಳ್ಳೆದೆ, ದುರ್ಬಲ ಎಂಬ ಅರ್ಥಗಳಲ್ಲಿ ಸಂಚರಿಸಿ ಕೊನೆಗೆ ಅದು ಸೊರಗಿದ ಬೆಳಕಿಗೂ ದನಿಗೂ ಬಂದು ನೆಲೆಸಿತು. ಎಚ್ಚರ ತಪ್ಪುವುದಕ್ಕೂ ಅದೇ ಪದವೇ. ಇಲ್ಲವಾಗುವ ಅಂಚಿನಲ್ಲಿ ಇನ್ನೂ ಉಳಿದಿರುವುದೇ ಅದರ ಜೀವಾಳ.

‘ಮಂದ’ಕ್ಕೆ ಈ ಅಂಚಿನ ಭಾವವಿಲ್ಲ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವಿದೆ. ಹೊರಗಿನ ಬಿಸಿಲಿನಿಂದ ಅದರ ಒಳಗೆ ಕಾಲಿಟ್ಟರೆ ಗರ್ಭಗುಡಿಯತ್ತ ಸಾಗಿದಂತೆಲ್ಲ ಬೆಳಕು ಮಂದವಾಗುತ್ತದೆ. ಆದರೆ ಅದು ಆರಿಹೋಗುವ ಬೆಳಕಲ್ಲ, ತಂಗಿದ ಬೆಳಕು. ಇಂಗ್ಲಿಷರು ಅದನ್ನು ‘ಡಿಮ್’ ಎಂದಾರು, ‘ಫೇಂಟ್’ ಎನ್ನಲಾರರು. ಸಂಗೀತದ ಮಂದ್ರವೂ ಹಾಗೆಯೇ: ಸ್ಥಾಯಿ ಕೆಳಗಿನದು, ನಾದ ತುಂಬಿದ್ದು. ಇನ್ನು ಗಂಗಾವತಿಯ ಗದ್ದೆಗಳ ನಡುವೆ ನಡುರಾತ್ರಿ ನಿಂತವರಿಗೆ ದೂರದ ತುಂಗಭದ್ರಾ ಕಾಲುವೆಯ ನೀರಿನ ಸಪ್ಪಳ ಬಂದೀತು. ಗಾಳಿ ತಿರುಗಿದರೆ ಕೇಳಿತು, ಮರಳಿದರೆ ಇಲ್ಲ. ಇದು ‘ಫೇಂಟ್’.

ಇದಕ್ಕೆ ಕನ್ನಡವೇನು? ಕುಷ್ಟಗಿಯ ಅಜ್ಜಿಯನ್ನು ಕೇಳಿದರೆ ‘ಕಂಡೂ ಕಾಣದ್ಹಂಗ’ ಎಂದಾಳು, ‘ಕೇಳಿಯೂ ಕೇಳದ್ಹಂಗ’ ಎಂದಾಳು. ಇಂಗ್ಲಿಷ್ ಗುಣವಾಚಕದಿಂದ ಹೇಳಿದ್ದನ್ನು ನಮ್ಮ ಭಾಷೆ ಕ್ರಿಯಾಪದದಿಂದ ಹೇಳುತ್ತದೆ. ಬೆಳಕಿನ ಅಳತೆಯನ್ನು ದೀಪದಲ್ಲಿ ಹುಡುಕದೆ ಕಣ್ಣಿನಲ್ಲಿ ಹುಡುಕುತ್ತದೆ. ‘ಕಂಡೂ ಕಾಣದಂತಿರುವುದು’ ಎಂದರೆ ಸೋಗು ಹಾಕುವುದಲ್ಲವೇ ಎಂದು ಆಕ್ಷೇಪಿಸಬಹುದು. ಹೌದು, ಆ ಅರ್ಥವೂ ಉಂಟು. ಸಂದರ್ಭವೇ ಅದನ್ನು ತಿಳಿಸುತ್ತದೆ. ಆದರೆ ‘ಫೇಂಟ್’ ಹುಟ್ಟಿದ್ದೂ ಸೋಗಿನ ಮನೆಯಲ್ಲೇ ಎಂಬುದನ್ನು ಮರೆಯಬಾರದು!

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣವನ್ನೂ ಹೆಸರಿಸಿತು. ಆ ಕೊಪಣವೇ ಇಂದಿನ ಕೊಪ್ಪಳ. ಕನ್ನಡ ಸಂಸ್ಕೃತಗಳನ್ನು ಹೊಂದಿಕೆಯಿಲ್ಲದೆ ಸಮಾಸಗೊಳಿಸುವುದು ಕುದಿವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂದೂ ಆ ಗ್ರಂಥ ಎಚ್ಚರಿಸಿದೆ. ಆ ನಾಡಿನ ಹುಡುಗನೇ ಇಂದು ‘ಕ್ಷೀಣಬೆಳಕು’ ಎಂದು ಬರೆದು ಪೂರ್ಣ ಅಂಕ ಪಡೆಯುತ್ತಾನೆ. ಮನೆಯ ಮಾತನ್ನು ಬರೆದರೆ ಗ್ರಾಮ್ಯವೆಂಬ ಕೆಂಪು ಗೆರೆ ಬಿದ್ದೀತೆಂದು ಅಂಜುತ್ತಾನೆ. ನಷ್ಟ ಒಂದು ಪದದ್ದಲ್ಲ. ತನ್ನ ಮಾತಿನಿಂದ ಪರಭಾಷೆಯ ಸೂಕ್ಷ್ಮವನ್ನು ಮುಟ್ಟಬಲ್ಲೆನೆಂಬ ಧೈರ್ಯವೇ ಅವನಲ್ಲಿ ಕುಂದುತ್ತದೆ.

ನಿಘಂಟು ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ತೆರೆಯುವ ಮುನ್ನ ಉಪಾಧ್ಯಾಯರು ಮಕ್ಕಳನ್ನು ಒಮ್ಮೆ ಕೇಳಲಿ: ಇದನ್ನು ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತಾರೆ? ಉತ್ತರ ಮೊದಲು ಮೆಲುದನಿಯಲ್ಲೇ ಬಂದೀತು. ಕಿವಿಗೊಟ್ಟು ಕೇಳುವುದು ನಮ್ಮ ಕೆಲಸ.